ಚಪ್ಪಟೆ ಆಂಟೆನಾ ಬರಲಿ, ಕರೆಂಟು ತಿನ್ನದಂತೆ ಬರಲಿ

ಮೊನ್ನೆಯ ಗಾಳಿಗೆ ನಮ್ಮಲ್ಲೊಬ್ಬರ ಮನೆ ಮಾಳಿಗೆಯ ಡಿಶ್ ತಿರುಗಿ ಪಕ್ಕದ ತೆಂಗಿನ ಮರ ನೋಡುತ್ತಾ ನಿಂತಿತ್ತು. ರಿಪೇರಿಯವರು ನಾಳೆ ಬರ್ತೀವಿ ಅಂತ ಮೂರು ದಿನ ಹೇಳಿದರು. ಕೊನೆಗೆ ಮಗ ಮಾಳಿಗೆ ಮೇಲೆ, ಅವ್ವ ಟೀವಿ ಮುಂದೆ. "ಬಂತೇನವ್ವ?" "ಇಲ್ಲಪ್ಪ, ಇನ್ನೊಂಚೂರು ಎಡಕ್ಕ ತಿರುಗ್ಸು." ಈ ಕೂಗಾಟ ನಿಮ್ಮ ಮನೆಯಲ್ಲೂ ಆಗಿರುತ್ತದೆ.

ಹಾಗಾದರೆ ಈ ಡಿಶ್ ಬೋಗುಣಿಯಂತೆಯೇ ಇರಬೇಕಾ? ಇರಬೇಕಿಲ್ಲ ಅನ್ನುತ್ತದೆ ವಿಜ್ಞಾನ. ಅದರ ಬಗ್ಗೆ ನಮಗೊಂದು ಅಭಿಪ್ರಾಯ ಇದೆ. ಅದಕ್ಕೆ ಮೊದಲು ಸಂಗತಿ ಏನು ಅಂತ ನೋಡೋಣ.

ಬೇಸಿಗೆಯಲ್ಲಿ ಡಾಂಬರು ರಸ್ತೆ ಮೇಲೆ ದೂರದಲ್ಲಿ ನೀರು ನಿಂತಂತೆ ಕಾಣುವ ಬಿಸಿಲ್ಗುದುರೆ ನೋಡಿದ್ದೀರಲ್ಲ. ರಸ್ತೆಗೆ ಹತ್ತಿರದ ಗಾಳಿ ಹೆಚ್ಚು ಕಾದಿರುತ್ತದೆ, ಮೇಲಿನದು ಕಡಿಮೆ. ಕಾದ ಗಾಳಿಯಲ್ಲಿ ಬೆಳಕು ಒಂದು ಕೂದಲೆಳೆಯಷ್ಟು ಬೇಗ ಓಡುತ್ತದೆ, ಹಾಗಾಗಿ ಅದರ ದಾರಿ ಬಾಗುತ್ತದೆ. ಅಲ್ಲಿ ಕನ್ನಡಿಯೂ ಇಲ್ಲ, ಬಾಗಿದ ಗಾಜೂ ಇಲ್ಲ. ಗುಣ ಮೆಲ್ಲಗೆ ಬದಲಾಗುವ ಗಾಳಿ ಮಾತ್ರ ಇದೆ. ರೇಡಿಯೋ ಅಲೆಯೂ ಬೆಳಕಿನ ಜಾತಿಯದೇ. ಅದನ್ನೂ ಹೀಗೆಯೇ ಬಾಗಿಸಬಹುದು.

ಆಕಾಶದಿಂದ ಬರುವ ಅಲೆಯನ್ನು ಒಂದು ಮೆರವಣಿಗೆ ಅಂದುಕೊಳ್ಳಿ. ಎಲ್ಲರೂ ಒಂದೇ ಸಾಲಿನಲ್ಲಿ ಬರುತ್ತಿದ್ದಾರೆ, ಒಂದೇ ಹೊತ್ತಿಗೆ ಒಂದೇ ಗುಡಿ ಬಾಗಿಲಿಗೆ ಸೇರಬೇಕು. ನಡುವಿನವರಿಗೆ ದಾರಿ ಹತ್ತಿರ, ಅಂಚಿನವರಿಗೆ ದೂರ. ನಡುವೆ ಕೆಸರುಗದ್ದೆ ಇದ್ದು ಅಂಚಿಗೆ ಹೋದಂತೆ ನೆಲ ಗಟ್ಟಿಯಾಗುತ್ತಾ ಹೋದರೆ ಎಲ್ಲರೂ ಒಟ್ಟಿಗೆ ತಲುಪುತ್ತಾರೆ. ಚಪ್ಪಟೆ ಲೆನ್ಸ್ ಅಂದರೆ ಇಷ್ಟೇ. ಮೇಲ್ಮೈ ಹಲಗೆಯಂತೆ ಸಮ, ಒಳಗಿನ ಪದಾರ್ಥ ನಡುವೆ ದಟ್ಟ, ಅಂಚಿಗೆ ಹೋದಂತೆ ತೆಳು.

ಎಲ್ಲಿ ಎಷ್ಟು ದಟ್ಟ ಇರಬೇಕು ಅಂತ ಲೆಕ್ಕ ಹಾಕಿಕೊಡುವ ವಿದ್ಯೆಯ ಹೆಸರು ಟ್ರಾನ್ಸ್‌ಫರ್ಮೇಶನ್ ಆಪ್ಟಿಕ್ಸ್. ಚೌಕಳಿ ಲುಂಗಿಯ ಒಂದು ಮೂಲೆ ಹಿಡಿದು ಎಳೆಯಿರಿ, ನೇರ ಇದ್ದ ಗೆರೆಗಳು ಡೊಂಕಾಗುತ್ತವೆ. ಗೆರೆ ಹಿಡಿದು ಹೊರಟ ಇರುವೆ ಆಗ ಡೊಂಕು ದಾರಿಯಲ್ಲೇ ಹೋಗಬೇಕು. ಜಾಗವನ್ನೇ ಹಾಗೆ ಎಳೆದರೆ ಅಲೆ ಎತ್ತ ಹೋಗುತ್ತದೋ, ಅತ್ತಲೇ ಹೋಗುವಂತೆ ಮಾಡಲು ಎಂಥ ಪದಾರ್ಥ ಬೇಕು ಅಂತ ಗಣಿತ ಹೇಳುತ್ತದೆ. ಜಾನ್ ಪೆಂಡ್ರಿ, ಡೇವಿಡ್ ಶೂರಿಗ್, ಡೇವಿಡ್ ಸ್ಮಿತ್ ಮತ್ತು ಪ್ರತ್ಯೇಕವಾಗಿ ಉಲ್ಫ್ ಲಿಯೊನ್‌ಹಾರ್ಟ್ ಇದನ್ನು 2006ರಲ್ಲಿ ಬರೆದರು. ಪೇಪರಿನವರು ಆಗ 'ಮಾಯವಾಗಿಸುವ ಹೊದಿಕೆ' ಅಂತ ಕುಣಿದಾಡಿದರು. ನಮಗೆ ಹೊದಿಕೆ ಬೇಡ, ಆಂಟೆನಾ ಸಾಕು.

ರುಡಾಲ್ಫ್ ಲ್ಯೂನೆಬರ್ಗ್ 1944ರಲ್ಲಿಯೇ ಒಂದು ಗುಂಡು ಲೆನ್ಸ್ ಲೆಕ್ಕ ಹಾಕಿದ್ದ. ಯಾವ ದಿಕ್ಕಿಂದ ಅಲೆ ಬಂದರೂ ಎದುರು ಬದಿಯ ಒಂದು ಚುಕ್ಕೆಯಲ್ಲಿ ಕೂಡಿಸುವ ಚೆಂಡು ಅದು. ಆದರೆ ಚೆಂಡನ್ನು ಮಾಳಿಗೆ ಮೇಲೆ ಕೂರಿಸೋದು ತ್ರಾಸು. 2010ರಲ್ಲಿ ಕುಂಟ್ಸ್ ಮತ್ತು ಸ್ಮಿತ್ ಈ ಹೊಸ ಗಣಿತದಿಂದ ಅದರ ಹಿಂಬದಿಯನ್ನು ಚಪ್ಪಟೆ ಮಾಡಿ ತೋರಿಸಿದರು. ಇಂಥ ಲೆನ್ಸಿನಲ್ಲಿ ಇಡೀ ಲೆನ್ಸ್ ತಿರುಗಿಸುವ ಗೋಜಿಲ್ಲ, ಹಿಂದಿರುವ ಪುಟ್ಟ ಫೀಡನ್ನು ಸರಿಸಿದರೆ ದಿಕ್ಕು ಬದಲಾಗುತ್ತದೆ.

ಪದಾರ್ಥವೂ ಆಕಾಶದಿಂದ ಇಳಿದದ್ದೇನಲ್ಲ. ಡಿಟಿಎಚ್ ಅಲೆಯ ಉದ್ದ ಸುಮಾರು 2.5 ಸೆಂಟಿಮೀಟರ್. ಅದಕ್ಕಿಂತ ಬಹಳ ಸಣ್ಣ ತೂತುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಕೊರೆದರೆ ಅಲೆಗೆ ತೂತು ಕಾಣುವುದಿಲ್ಲ, ತೆಳು ಪದಾರ್ಥದಂತೆ ಕಾಣುತ್ತದೆ. ಸೆಟ್ ದೋಸೆ ನೆನಪಿಸಿಕೊಳ್ಳಿ: ತೂತು ಜಾಸ್ತಿ ಇದ್ದಷ್ಟೂ ಹಗುರ. ಥ್ರೀಡಿ ಪ್ರಿಂಟರ್ ಇದ್ದರೆ ಇದನ್ನು ಕಾಲೇಜು ಲ್ಯಾಬಿನಲ್ಲೇ ಅಚ್ಚು ಹಾಕಬಹುದು. ಕಲ್ಕತ್ತಾದಲ್ಲಿ ಜಗದೀಶ್ ಚಂದ್ರ ಬೋಸ್ 1898ರಲ್ಲೇ ಸೆಣಬಿನ ನಾರು ಹೊಸೆದು ರೇಡಿಯೋ ಅಲೆಯನ್ನು ತಿರುಚಿ ತೋರಿಸಿದ್ದರು. ಸೆಣಬು, ನೋಡಿ!

ಈಗ ನಮ್ಮ ತಕರಾರು. ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಓಡುವ ಉಪಗ್ರಹಗಳಿಂದ ಇಂಟರ್ನೆಟ್ ಕೊಡುವ ಮಾತು ಜೋರಾಗಿದೆ. ಅದಕ್ಕೆ ಮಾರುವ ಚಪ್ಪಟೆ ಆಂಟೆನಾಗಳಲ್ಲಿ ಹೆಚ್ಚಿನವು ಬೇರೆ ಬಗೆಯವು. ನೂರಾರು ಪುಟ್ಟ ಆಂಟೆನಾ, ಅವುಗಳ ಹಿಂದೆ ಚಿಪ್ಪುಗಳ ಸಾಲು. ಒಂದು ಪೆಟ್ಟಿಗೆ ಸಾಮಾನ್ಯವಾಗಿ 50ರಿಂದ 100 ವ್ಯಾಟ್ ಎಳೆಯುತ್ತದೆ. ಅಂದರೆ 9 ವ್ಯಾಟಿನ ಸುಮಾರು ಆರರಿಂದ ಹನ್ನೊಂದು ಎಲ್ಇಡಿ ಬಲ್ಬು ಹಗಲು ರಾತ್ರಿ ಉರಿಸಿದಂತೆ. ಕರೆಂಟು ಹೋದಾಗಲೇ ಫೋನು ಬೇಕಾಗುವ ಊರುಗಳಿಗೆ ಇದು ಒಗ್ಗುತ್ತದಾ? ಕೆಟ್ಟರೆ ತಾಲ್ಲೂಕಿನ ಅಂಗಡಿಯಲ್ಲಿ ಬಿಚ್ಚಲೂ ಬಾರದು. ಲೆನ್ಸಿನ ಪ್ಲಾಸ್ಟಿಕ್ ಹಲಗೆಗೆ ಕರೆಂಟೇ ಬೇಡ. ಹಿಂದಿನ ಫೀಡಿಗೆ, ಅದನ್ನು ಸರಿಸುವ ಮೋಟಾರಿಗೆ, ಮೋಡೆಮ್ಮಿಗೆ ಮಾತ್ರ ಬೇಕು. ಸಾರ್ವಜನಿಕ ಹಣ ಖರ್ಚಾಗುವುದಾದರೆ ಈ ದಾರಿಯ ಸಂಶೋಧನೆಗೂ ಒಂದು ಪಾಲು ಹೋಗಲಿ ಅನ್ನುವುದು ನಮ್ಮ ವಾದ.

ಲೆನ್ಸಿಗೆ ಕೊರತೆಯೇ ಇಲ್ಲ ಅಂತ ನಾವು ಹೇಳುತ್ತಿಲ್ಲ. ಚಪ್ಪಟೆ ಅಂದರೆ ಚಿಕ್ಕದು ಅಂತಲ್ಲ. ಮಳೆನೀರು ಹಿಡಿಯುವಾಗ ಪಾತ್ರೆಯ ಬಾಯಿ ಎಷ್ಟು ಅಗಲವೋ ಅಷ್ಟೇ ನೀರು. ಆಂಟೆನಾಗೂ ಅದೇ ನಿಯಮ. ಅಂಗೈಯಗಲದ ಹಲಗೆ ಡಿಶ್ಶಿನಷ್ಟೇ ಸಿಗ್ನಲ್ ಹಿಡಿಯುತ್ತದೆ ಅಂತ ಯಾರಾದರೂ ಮಾರಲು ಬಂದರೆ ನಂಬಬೇಡಿ. ದಟ್ಟವಾದ ನಡುಭಾಗ ಬಂದ ಅಲೆಯಲ್ಲಿ ಸ್ವಲ್ಪವನ್ನು ವಾಪಸ್ ತಳ್ಳುತ್ತದೆ, ಸ್ವಲ್ಪ ಪ್ಲಾಸ್ಟಿಕ್ಕಿನಲ್ಲೇ ಕಾವಾಗಿ ಹೋಗುತ್ತದೆ. ಮಲಗಿಸಿಟ್ಟ ಹಲಗೆ ಮೇಲೆ ನೀರು ನಿಂತರೆ ಕಥೆ ಇನ್ನೂ ಕಷ್ಟ, ನೀರು ಈ ಅಲೆಯನ್ನು ಚೆನ್ನಾಗಿ ಕುಡಿಯುತ್ತದೆ. ಗೋಡೆಗೆ ಸ್ಪಂಜು ಹೊದಿಸಿದ ಲ್ಯಾಬಿನಲ್ಲಿ ಪಾಸಾದದ್ದು ಆಗುಂಬೆಯ ಮಳೆಯಲ್ಲಿ, ಪಾಚಿ ಹತ್ತಿದ ಮೇಲೆ, ಪಾಸಾಗುತ್ತದಾ ಅಂತ ಅಲ್ಲಿಯೇ ನೋಡಬೇಕು.

ಹೀಗೆ ಹಳ್ಳಿಯಲ್ಲೇ ಪರೀಕ್ಷೆ ಮಾಡುವುದು ಹೊಸದೂ ಅಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಸೈಟ್ ಯೋಜನೆಯಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಉಪಗ್ರಹದಿಂದ ನೇರ ಟೀವಿ ಬಂತು. ಹಿಡಿದದ್ದು ಕೋಳಿಗೂಡಿನ ಜಾಲರಿಯಿಂದ ಮಾಡಿದ ಹತ್ತಡಿ ಆಂಟೆನಾ. ಆ ಜಾಲರಿಯ ಆಂಟೆನಾ ನೋಡಿದ ಹಿರಿಯರು ನಿಮ್ಮೂರಲ್ಲಿದ್ದರೆ, ಅದನ್ನು ಯಾರು ನಿಲ್ಲಿಸಿದರು, ಗಾಳಿಗೆ ತಿರುಗಿದಾಗ ಯಾರು ಸರಿ ಮಾಡುತ್ತಿದ್ದರು ಅಂತ ಕೇಳಿ ನಮಗೆ ಬರೆದು ಕಳಿಸಿ.