ರಿಬ್ಬನ್ ಕಟ್ಟಿದ ಮೇಲೆ ದಾರಿ ಹುಡುಕೋದೇನು ಬಂತು?

ಗೆಳೆಯರೇ, ಇವತ್ತು ಸ್ವಲ್ಪ ಜಗಳಕ್ಕೇ ಬಂದಿದ್ದೀನಿ. ವಿಷಯ ಅಡ್ವೆಂಚರ್ ರೇಸ್. ಒಂದಷ್ಟು ದೂರ ಸೈಕಲ್ ತುಳಿಯಬೇಕು, ಒಂದಷ್ಟು ದೂರ ಕಾಲುದಾರಿಯಲ್ಲಿ ಓಡಬೇಕು, ಎರಡೂ ಕಡೆ ನಕಾಶೆ ಮತ್ತು ದಿಕ್ಸೂಚಿ ಹಿಡಿದು ದಾರಿಯನ್ನು ನಾವೇ ಹುಡುಕಿಕೊಳ್ಳಬೇಕು. 1989ರಲ್ಲಿ ನ್ಯೂಜಿಲೆಂಡಿನಲ್ಲಿ ನಡೆದ ‘ರೇಡ್ ಗೊಲ್ವಾಜ್’ ಸ್ಪರ್ಧೆಯಿಂದ ಈ ಆಟಕ್ಕೆ ದೊಡ್ಡ ಹೆಸರು ಬಂತು. ಅದು ದಿನಗಟ್ಟಲೆ ನಡೆಯುವಂಥದ್ದು. ಅದರದೇ ಮರಿ, ಅರ್ಧ ದಿನದಲ್ಲಿ ಮುಗಿಯುವ ‘ಹೊಸಬರ ರೇಸ್’. ನನ್ನ ತಕರಾರು ಈ ಹೊಸಬರ ರೇಸಿನ ಮೇಲೆ.

ಇಂಥ ಒಂದು ಸ್ಪರ್ಧೆಯ ನಿಯಮಗಳನ್ನು ಓದಿದೆ (ಹೆಸರು ಬೇಡ ಬಿಡಿ). ದಾರಿಯುದ್ದಕ್ಕೂ ರಿಬ್ಬನ್ ಕಟ್ಟಿರುತ್ತಾರಂತೆ. ಮೊಬೈಲಿಗೆ ಜಿಪಿಎಸ್ ಜಾಡು ಕಳಿಸುತ್ತಾರಂತೆ. ಆದರೆ ಗೇರ್ ಇರುವ ಮೌಂಟನ್ ಬೈಕ್ ಕಡ್ಡಾಯ! ಅರ್ಜಿ ಪೂರ್ತಿ ಇಂಗ್ಲಿಷಿನಲ್ಲಿ. ಅಂದರೆ ತಲೆಯ ಕೆಲಸ ತೆಗೆದುಹಾಕಿ ಜೇಬಿನ ಕೆಲಸವನ್ನು ಹಾಗೇ ಉಳಿಸಿಕೊಂಡರು. ಇದಕ್ಕೆ ‘ಹೊಸಬರಿಗೆ ಸುಲಭ’ ಅಂತ ಹೆಸರು. ರಿಬ್ಬನ್ ಹಿಡಿದು ಹೋಗೋದಾದರೆ ಅದು ದಿಬ್ಬಣ ಸ್ವಾಮಿ, ರೇಸ್ ಅಲ್ಲ.

ನಾನು ಹೇಳೋದು ಪೂರ್ತಿ ಉಲ್ಟಾ. ಈ ಆಟದಲ್ಲಿ ಹೊಸಬರಿಗೆ ನಿಜಕ್ಕೂ ಅನುಕೂಲ ಮಾಡಿಕೊಡೋದೇ ದಾರಿ ಹುಡುಕುವ ಭಾಗ. ಐದು ವರ್ಷ ಮ್ಯಾರಥಾನ್ ಓಡಿದವನ ಜೊತೆ ಬರೀ ಓಟದಲ್ಲಿ ಹೊಸಬ ಗೆಲ್ಲೋದುಂಟೇ? ಆದರೆ ಆ ಮ್ಯಾರಥಾನಿಗ ನಕಾಶೆ ತಪ್ಪಾಗಿ ಓದಿ ಎರಡು ಕಿಲೋಮೀಟರ್ ಬೇರೆ ಊರಿನ ಕಡೆ ಹೋದ ಅಂದುಕೊಳ್ಳಿ, ಸರಿಯಾಗಿ ಓದಿ ನಡೆದುಕೊಂಡೇ ಹೋದವನು ಮೊದಲು ಮುಟ್ಟುತ್ತಾನೆ. ಸ್ವೀಡನ್ನಿನ ಎರ್ನ್ಸ್ಟ್ ಕಿಲಾಂಡರ್ ಇದನ್ನು ನೂರು ವರ್ಷದ ಹಿಂದೆಯೇ ಕಂಡುಕೊಂಡಿದ್ದ. ಹುಡುಗರಿಗೆ ಬರೀ ಓಟದಲ್ಲಿ ಆಸಕ್ತಿ ಕಡಿಮೆಯಾಗ್ತಿದೆ ಅನ್ನಿಸಿದಾಗ ಅವರ ಕೈಗೆ ನಕಾಶೆ ಕೊಟ್ಟ. 1919ರಲ್ಲಿ ಸ್ಟಾಕ್‌ಹೋಮ್ ಹತ್ತಿರ ಅವನು ನಡೆಸಿದ ಸ್ಪರ್ಧೆಗೆ 220 ಜನ ಬಂದರು. ಓರಿಯಂಟೀರಿಂಗ್ ಅನ್ನುವ ಆಟ ಬೆಳೆದದ್ದು ಹಾಗೆ.

ಇನ್ನು ನಮ್ಮ ಸೀಮೆಗೆ ಬನ್ನಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ. ಸರ್ವೆ ಆಫ್ ಇಂಡಿಯಾದ 1:50,000 ಹಾಳೆಯಲ್ಲಿ ಎರಡು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಇಷ್ಟು ಗೊತ್ತಾದರೆ ಅರ್ಧ ಪಾಠ ಮುಗೀತು. ದಿಕ್ಸೂಚಿ ತೋರಿಸುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ನಮ್ಮ ಕಡೆ ಎರಡು ಡಿಗ್ರಿಯಷ್ಟೂ ವ್ಯತ್ಯಾಸವಿಲ್ಲ, ಹೊಸಬರು ಆ ಲೆಕ್ಕ ಮರೆತೇಬಿಡಬಹುದು. ಕೆ.ಆರ್.ನಗರದ ಕಡೆ ಚಾಮರಾಜ ಎಡದಂಡೆ, ಬಲದಂಡೆ ನಾಲೆಗಳಿವೆ. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದ ಹಾಗೆ ನಾಲೆ ಏರಿ ಹಿಡಿದು ಸೈಕಲ್ ತುಳಿಯಬಹುದು. ‘ಮೂರನೇ ತೂಬು ದಾಟಿ, ಕೆರೆ ಕೋಡಿ ಹತ್ತಿರ ಬಲಕ್ಕೆ’ ಅನ್ನುವಷ್ಟು ಸರಳವಾಗಿ ದಾರಿ ಹೇಳಬಹುದು. ಪಿರಿಯಾಪಟ್ಟಣ ತಾಲೂಕಿನಲ್ಲಿ ಸಿಡಿಲು ಮಲ್ಲಿಕಾರ್ಜುನನ ಬೆಟ್ಟದಪುರ ಬೆಟ್ಟ ದೂರದಿಂದಲೇ ಕಾಣುತ್ತೆ, ದಿಕ್ಕು ಹಿಡಿಯಲು ಅದಕ್ಕಿಂತ ಒಳ್ಳೇ ಗುರುತು ಬೇಕೇ? ಹುಣಸೂರು ತಾಲೂಕಿನಲ್ಲಿ ಬಿಳಿಕೆರೆ ಹತ್ತಿರ ಗೊಮ್ಮಟಗಿರಿ ಇದೆ. ಬಂಡೆಯ ಮೇಲೆ ನಿಂತ ಬಾಹುಬಲಿಯೇ ಒಂದು ಚೆಕ್‌ಪಾಯಿಂಟ್ ಆಗಬಹುದು.

ಆದರೆ ಸಂಘಟಕರ ಕಣ್ಣು ಹೋಗೋದು ಎಲ್ಲಿಗೆ? ನಾಗರಹೊಳೆ ಅಂಚಿಗೆ, ಕಬಿನಿ ಹಿನ್ನೀರಿಗೆ. ಪೋಸ್ಟರಿನಲ್ಲಿ ಆನೆ ಇರಲೇಬೇಕು! ಇದನ್ನು ನಾನು ಖಡಾಖಂಡಿತ ವಿರೋಧಿಸ್ತೀನಿ. 2025ರಲ್ಲಿ ಸರಗೂರು ಸೀಮೆಯಲ್ಲಿ ಹುಲಿ ದಾಳಿಗೆ ರೈತರು ಸತ್ತರು, ಆ ನವೆಂಬರಿನಲ್ಲಿ ನಾಗರಹೊಳೆ, ಬಂಡೀಪುರಗಳ ಸಫಾರಿಯನ್ನೇ ನಿಲ್ಲಿಸಲು ಸರ್ಕಾರ ಆದೇಶ ಮಾಡಬೇಕಾಯ್ತು. ಹೊಲಕ್ಕೆ ಹೋದವನು ಸಂಜೆ ಮನೆಗೆ ಬರ್ತಾನೋ ಇಲ್ಲವೋ ಅಂತ ಕಾಯುವ ಊರಿನ ಪಕ್ಕದಲ್ಲಿ ಸಾಹಸದ ಟೀಶರ್ಟ್ ಹಾಕಿಕೊಂಡು ಓಡುವುದು ಎಂಥ ರುಚಿ? ಅದೇ ಕಾಡಿನಿಂದ ಹೊರಗೆ ಬಂದ ಜೇನುಕುರುಬರು ಹುಣಸೂರು ತಾಲೂಕಿನ ನಾಗಾಪುರದ ಪುನರ್ವಸತಿ ಕೇಂದ್ರದಲ್ಲಿದ್ದಾರೆ. ಅಲ್ಲಿಯ ದಾರಿಗಳನ್ನು ನಕಾಶೆ ಇಲ್ಲದೆ ಬಲ್ಲವರು ಹೊರಗೆ, ಫೀಸು ಕಟ್ಟಿದವರು ಒಳಗೆ ಅನ್ನುವ ಆಟ ನಮಗೆ ಬೇಡ.

‘ರಿಬ್ಬನ್ ಇಲ್ಲದಿದ್ದರೆ ಹೊಸಬರು ಕಳೆದುಹೋಗ್ತಾರೆ, ಜವಾಬ್ದಾರಿ ಯಾರದು?’ ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆಯೇ. ಉತ್ತರ ರಿಬ್ಬನ್ನಿನಲ್ಲಿಲ್ಲ, ಜಾಗದ ಆಯ್ಕೆಯಲ್ಲಿದೆ. ಮೈಸೂರು–ಮಡಿಕೇರಿ ಹೆದ್ದಾರಿಯ ಉತ್ತರ ಮಗ್ಗುಲಲ್ಲಿ ಸ್ಪರ್ಧೆ ಇಡಿ. ನಾಗರಹೊಳೆ ಇರೋದು ದಕ್ಷಿಣಕ್ಕೆ, ಅದರ ಗೊಡವೆಯೇ ಇಲ್ಲ. ದಾರಿ ತಪ್ಪಿದವರಿಗೆ ಒಂದೇ ಸೂತ್ರ: ದಕ್ಷಿಣಕ್ಕೆ ತಿರುಗಿ, ಹೆದ್ದಾರಿ ಸಿಗುತ್ತೆ. ಇಬ್ಬಿಬ್ಬರ ಜೋಡಿ ಮಾಡಿ. ಮೊಬೈಲನ್ನು ಕವರಿನಲ್ಲಿ ಹಾಕಿ ಸೀಲ್ ಮಾಡಿ ಅವರ ಹತ್ತಿರವೇ ಕೊಡಿ, ಒಡೆದರೆ ಸ್ಪರ್ಧೆಯಿಂದ ಔಟ್, ಆದರೆ ಜೀವಕ್ಕೆ ಧೈರ್ಯ. ನೀರು ಹರಿಯುವ ನಾಲೆಗೆ ಇಳಿಯುವಂತಿಲ್ಲ, ಸೇತುವೆ ಇದ್ದಲ್ಲೇ ದಾಟಬೇಕು. ಇಂತಿಷ್ಟು ಹೊತ್ತಿಗೆ ಎಷ್ಟೇ ಚೆಕ್‌ಪಾಯಿಂಟ್ ಮುಟ್ಟಿರಲಿ ವಾಪಸ್ ಬರಬೇಕು. ಹೊಗೆಸೊಪ್ಪು ಹೊಲದಲ್ಲಿ ನಿಂತಿರುವಾಗ, ಬ್ಯಾರನ್ನುಗಳಲ್ಲಿ ಬೇಯಿಸುವ ಗಡಿಬಿಡಿ ಇರುವಾಗ ಬೇಡ. ರಾಗಿ ಕೊಯ್ಲು ಮುಗಿದ ಮೇಲೆ, ಸಂಕ್ರಾಂತಿ ಆಚೆಗೆ ಇಟ್ಟುಕೊಳ್ಳಿ. ರೈತನಿಗೂ ತೊಂದರೆಯಿಲ್ಲ, ಓಡುವವನಿಗೂ ಬಿಸಿಲು ಹದವಾಗಿರುತ್ತೆ.

ಈಗ ನನ್ನ ಮುಖ್ಯ ಮಾತು. ನಮ್ಮ ರಾಜ್ಯದ ಗ್ರಾಮ ನಕಾಶೆಗಳು ಭೂಮಾಪನ ಇಲಾಖೆಯ ಜಾಲತಾಣದಲ್ಲಿ ಸಿಗುತ್ತವೆ, ಕನ್ನಡದಲ್ಲೇ. ಅದರಲ್ಲಿ ಬಂಡಿದಾರಿ, ಕಾಲುದಾರಿ, ಹಳ್ಳ, ಕೆರೆ, ಗುಂಡುತೋಪು ಎಲ್ಲ ಗುರುತು ಮಾಡಿರುತ್ತಾರೆ. ನಿಂತ ಜಾಗದ ಸರ್ವೆ ನಂಬರ್ ತೋರಿಸಲು ‘ದಿಶಾಂಕ್’ ಆ್ಯಪ್ ಇದೆ. ಆದರೆ ನಕಾಶೆಯಲ್ಲಿರುವ ಎಷ್ಟೋ ಬಂಡಿದಾರಿ ನೆಲದ ಮೇಲೆ ಹುಡುಕಿದರೆ ಸಿಗಲ್ಲ. ಯಾರದೋ ಬೇಲಿ, ಯಾರದೋ ಬಾಳೆತೋಟ. ಒಂದು ದಾರಿ ಮುಚ್ಚಿದರೆ ಆಚೆಗಿನ ಅರ್ಧ ಎಕರೆಯವನ ಗೊಬ್ಬರದ ಗಾಡಿ ಹೋಗೋದು ಹೇಗೆ? ಅವನಿಗೆ ನಕಾಶೆ ಓದಲು ಬಂದರೆ ಅದನ್ನು ಹಿಡಿದು ತಹಶೀಲ್ದಾರರ ಮುಂದೆ ನಿಲ್ಲುತ್ತಾನೆ. ಬರದಿದ್ದರೆ ದೊಡ್ಡವರು ಹೇಳಿದ್ದೇ ದಾರಿ. ಪೇಟೆಯವನಿಗೆ ನಕಾಶೆ ಭಾನುವಾರದ ಮೋಜು, ಇಲ್ಲಿಯ ಹುಡುಗನಿಗೆ ಅದು ನಾಳೆಯ ಹಕ್ಕು. ಅದಕ್ಕೇ ಆ ಪಾಠವನ್ನು ರೇಸಿನಿಂದ ತೆಗೆಯಬೇಡಿ ಅಂತ ಜಗಳ ಮಾಡ್ತಿರೋದು.

2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗ ಹಳ್ಳಿ ಹಳ್ಳಿಗೆ ಗೇರಿಲ್ಲದ ಗಟ್ಟಿ ಸೈಕಲ್ ಬಂತು. ಹದಿನೈದು ಕಿಲೋಮೀಟರ್ ನಾಲೆ ಏರಿಗೆ ಅಂಥದ್ದು ಧಾರಾಳ ಸಾಕು. ಬ್ರೇಕು ಹಿಡಿಯುತ್ತಾ, ಟೈರು ಗಟ್ಟಿ ಇದೆಯಾ ನೋಡಿ, ತಲೆಗೆ ಹೆಲ್ಮೆಟ್ ಕೊಡಿ, ಬಿಡಿ.

ಹಾಗಾಗಿ ಸಂಘಟಕರೇ, ನಾಲ್ಕು ಕೆಲಸ ಮಾಡಿ. ರಿಬ್ಬನ್ ಬಿಚ್ಚಿ. ಕಾಡಿನ ಅಂಚು ಬಿಡಿ. ನಕಾಶೆ, ನಿಯಮ ಎಲ್ಲ ಕನ್ನಡದಲ್ಲಿ ಕೊಡಿ. ಸ್ಥಳೀಯ ಸರ್ಕಾರಿ ಹೈಸ್ಕೂಲಿನ ಮಕ್ಕಳಿಗೆ ಫೀಸಿಲ್ಲದೆ ಜಾಗ ಇಡಿ, ಹಿಂದಿನ ದಿನ ಅರ್ಧ ದಿವಸ ನಕಾಶೆ ಓದೋದು ಹೇಳಿಕೊಡಿ.

ಬ್ಲಾಗಿಗ ಮಿತ್ರರೇ, ನಿಮಗೂ ಒಂದು ಕೆಲಸ. ನಿಮ್ಮ ಊರಿನ ಗ್ರಾಮ ನಕಾಶೆ ಇಳಿಸಿಕೊಂಡು ಒಂದು ಭಾನುವಾರ ಒಂದೇ ಒಂದು ಬಂಡಿದಾರಿಯನ್ನು ಕೊನೆಯವರೆಗೂ ನಡೆದು ನೋಡಿ. ದಾರಿ ಇದ್ದರೆ ಅದರ ಬಗ್ಗೆ ಬರೀರಿ. ಇಲ್ಲದಿದ್ದರೆ ತಪ್ಪದೇ ಬರೀರಿ.