ಬಾರದ ಸುದ್ದಿಯನ್ನೂ ಕೇಳೋಣ



ಕೌತಾಳಂ ಕಡೆಯ ನಮ್ಮ ಮನೆಗಳಲ್ಲಿ "ರೇಡಿಯೋದಲ್ಲಿ ಬಂತು" ಎಂದರೆ ಅಲ್ಲಿಗೆ ಮಾತು ಮುಗಿಯಿತು. ಆದರೆ ಬಂದದ್ದನ್ನು ಕೇಳಿದರೆ ಸಾಲದು, ಬಾರದೆ ಉಳಿದದ್ದು ಏನೆಂದೂ ಕೇಳಬೇಕು.

1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಬಂತು. ಆಗ ಆಕಾಶವಾಣಿ ಕೇಂದ್ರ ಸರ್ಕಾರದ ಇಲಾಖೆ. ಇಪ್ಪತ್ತು ಅಂಶಗಳ ಕಾರ್ಯಕ್ರಮದ ಹೊಗಳಿಕೆ ಬಂತು. ಸೆರೆಯಲ್ಲಿದ್ದ ವಿರೋಧ ಪಕ್ಷದವರ, ಕಾರ್ಮಿಕ ಮುಖಂಡರ ಮಾತು ಬರಲಿಲ್ಲ. ಅವರಲ್ಲೊಬ್ಬರು 1974ರ ರೈಲ್ವೆ ಮುಷ್ಕರ ನಡೆಸಿದ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. 1977ರಲ್ಲಿ ಅವರು ಜೈಲಿನಿಂದಲೇ ಚುನಾವಣೆ ಗೆದ್ದರು.

1978ರಲ್ಲಿ ವರ್ಗೀಸ್ ಸಮಿತಿ ಸ್ವಾಯತ್ತ ಸಂಸ್ಥೆ ಬೇಕೆಂದಿತು. ಪ್ರಸಾರ ಭಾರತಿ ಕಾನೂನು 1990ರಲ್ಲಾಯಿತು, ಜಾರಿಯಾದದ್ದು 1997ರಲ್ಲಿ. ಆದರೂ 2017ರ ಸ್ವಾತಂತ್ರ್ಯ ದಿನಕ್ಕೆ ತ್ರಿಪುರಾ ಮುಖ್ಯಮಂತ್ರಿ ಮಾಣಿಕ್ ಸರ್ಕಾರ್ ಅವರ ಭಾಷಣವನ್ನು ತಿದ್ದದೆ ಪ್ರಸಾರ ಮಾಡಲು ಒಪ್ಪಲಿಲ್ಲ. ದಿಲ್ಲಿಯಲ್ಲಿ ಪಕ್ಷ ಬದಲಾಗಿತ್ತು, ರೋಗ ಬದಲಾಗಿರಲಿಲ್ಲ.

ಹಾಗೆಂದು ರೇಡಿಯೋ ಮುಚ್ಚಿಡಬೇಡಿ, ಅದು ನಮ್ಮ ತೆರಿಗೆಯದು. ಮಂತ್ರಿಯ ಸಂದರ್ಶನ ಬಂದಾಗ ಕಿವಿಗೊಟ್ಟು ಕೇಳಿ: ಕಷ್ಟದ ಪ್ರಶ್ನೆ ಒಂದಾದರೂ ಬಂತೇ? ಕೂಲಿಯವರನ್ನು ಮಾತಾಡಿಸಿದರೇ? ಇಲ್ಲವಾದರೆ ಕೇಂದ್ರಕ್ಕೆ ಒಂದು ಕಾರ್ಡು ಬರೆಯಿರಿ. ನಾವು ಓಟು ಹಾಕಿದವರೇ ಅಧಿಕಾರಕ್ಕೆ ಬಂದಾಗಲೂ ಬರೆಯಿರಿ.