ಆಹಾರ ಬಂದ ದಾರಿಯ ಲೆಕ್ಕ

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿಬಲ್ಲೆವು. ಆದರೆ ಇಂದಿನ ದಿನಗಳಲ್ಲಿ ಊಟ ಬಲ್ಲವರಾಗುವುದು ಅಷ್ಟು ಸುಲಭವೆ? ಎಷ್ಟು ಉಣ್ಣಬೇಕು, ಯಾವಾಗ ಉಣ್ಣಬೇಕು ಎಂಬುದನ್ನು ಅರಿತವರಿಗೂ ತಮ್ಮ ಎಲೆಗೆ ಬಿದ್ದ ಪದಾರ್ಥವು ಎಲ್ಲಿ ಬೆಳೆದು, ಯಾರ ಉಗ್ರಾಣದಲ್ಲಿ ತಂಗಿ, ಯಾವ ಗಿರಣಿಯನ್ನು ಹೊಕ್ಕು ಬಂದಿತೆಂಬುದು ತಿಳಿಯದು. ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಖಾರದ ಪುಡಿಯ ಮಾತೇಕೆ, ಕಂಪ್ಯೂಟರಿನ ಮಾತೇಕೆ ಎಂದು ಮಿತ್ರರು ಹುಬ್ಬೇರಿಸಬಹುದು. ಕವಿತೆ ಬರೆಯಲು ಬಾರದವರ ಉಪಾಯವಿದು ಎಂದು ನಕ್ಕರೂ ನಗಲಿ. ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಸಂಗತಿಯು ನನ್ನನ್ನು ಈ ವಿಚಾರಕ್ಕೆ ಎಳೆದು ತಂದಿದೆ.

ನನ್ನ ಅಜ್ಜಿಯ ಕಾಲದಲ್ಲಿ, ಸೊರಬ ಸೀಮೆಯ ನಮ್ಮ ಹಳ್ಳಿಯಲ್ಲಿ, ಅಕ್ಕಿ ಸ್ವಂತ ಗದ್ದೆಯದು, ತರಕಾರಿ ಹಿತ್ತಿಲಿನದು, ಮಜ್ಜಿಗೆ ಕೊಟ್ಟಿಗೆಯದು. ಏನಾದರೂ ಕೆಟ್ಟರೆ ಎಲ್ಲಿ ಕೆಟ್ಟಿತೆಂಬುದು ಮನೆಮಂದಿಗೆಲ್ಲ ಗೊತ್ತು. ಈಗ ಹಾಗಿಲ್ಲ. ಶಿಕಾರಿಪುರದ ಮೆಕ್ಕೆಜೋಳವು ಲಾರಿ ಹತ್ತಿ ದೂರದ ಕಾರ್ಖಾನೆಗಳಿಗೆ ಹೋಗುತ್ತದೆ. ಸೊರಬದ ಶುಂಠಿ, ಅನಾನಸುಗಳು ಪರವೂರ ಪೇಟೆಗಳನ್ನು ಸೇರುತ್ತವೆ. ಬ್ಯಾಡಗಿಯ ಮೆಣಸಿನಕಾಯಿ ನಮ್ಮೂರಿಗೆ ಬರುತ್ತದೆ. ಇದರಿಂದ ರೈತನಿಗೂ ವ್ಯಾಪಾರಿಗೂ ಅನುಕೂಲವಾಗಿದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ದಾರಿಯು ಉದ್ದವಾದಂತೆಲ್ಲ ನೆನಪು ಸಾಲದಾಗಿದೆ.

ಸಂಗತಿಯನ್ನು ಹೇಳುತ್ತೇನೆ. ನನ್ನ ಚಿಕ್ಕಮ್ಮ ಮತ್ತು ಅವರ ಮಹಿಳಾ ಸಂಘದ ಏಳು ಮಂದಿ ಸೇರಿ ಖಾರದ ಪುಡಿ, ಸಾರಿನ ಪುಡಿಗಳನ್ನು ಮಾಡಿ ಶಿರಾಳಕೊಪ್ಪ, ಶಿಕಾರಿಪುರದ ಅಂಗಡಿಗಳಿಗೆ ಕೊಡುತ್ತಾರೆ. ಪೊಟ್ಟಣದ ಮೇಲೆ ನೋಂದಣಿಯ ಸಂಖ್ಯೆ ಇದೆ. ಬ್ಯಾಚ್ ನಂಬರೂ ಇತ್ತು. ಆದರೆ ಅಚ್ಚಿನ ಖರ್ಚು ಉಳಿಯಲೆಂದು ಒಂದೇ ನಂಬರನ್ನು ಸಾವಿರ ಪೊಟ್ಟಣಗಳ ಮೇಲೂ ಅಚ್ಚು ಹಾಕಿಸಿದ್ದರು! ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಒಬ್ಬ ಅಂಗಡಿಯವರು, "ಅಕ್ಕಾ, ಇದು ಮುಗ್ಗಲು ಹಿಡಿದಿದೆ" ಎಂದು ನಾಲ್ಕು ಪೊಟ್ಟಣಗಳನ್ನು ಹಿಂದಿರುಗಿಸಿದರು. ಅವು ಯಾವ ದಿನ ಬೀಸಿಸಿದವು? ಯಾವ ಚೀಲದ ಮೆಣಸಿನಕಾಯಿ? ಆ ತಿಂಗಳು ಮೂರು ಕಡೆಯಿಂದ ಕಾಯಿ ಕೊಂಡಿದ್ದರು, ಮೂರೂ ಬೆರೆತುಹೋಗಿದ್ದವು. ಒಬ್ಬರು ಸೋಮವಾರವೆಂದರು, ಇನ್ನೊಬ್ಬರು ಸಂತೆಯ ಮರುದಿನವೆಂದರು. ಕೊನೆಗೆ ಅಂಗಡಿಗಳಲ್ಲಿದ್ದುದನ್ನೆಲ್ಲ ವಾಪಸು ತರಿಸಿ, ಮನೆಯಲ್ಲಿದ್ದುದನ್ನೂ ಸೇರಿಸಿ, ಹಿತ್ತಿಲಲ್ಲಿ ಗುಂಡಿ ತೋಡಿ ಹೂಳಿದರು. ಆ ದಿನ ಚಿಕ್ಕಮ್ಮ ಆಡಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: "ಯಾವುದು ಕೆಟ್ಟದ್ದು ಅಂತ ಗೊತ್ತಾಗದೇ ಹೋದರೆ, ಒಳ್ಳೇದೂ ಕೆಟ್ಟದ್ದರ ಲೆಕ್ಕಕ್ಕೇ ಹೋಗ್ತದೆ ಕಣೇ."

ನನ್ನ ಅಭಿಪ್ರಾಯವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ. ಆಹಾರದ ಸುರಕ್ಷತೆಯೆಂದರೆ ಚೊಕ್ಕಟವಾದ ಪಾತ್ರೆ, ತಲೆಗೆ ಕಟ್ಟಿದ ಬಟ್ಟೆ ಇಷ್ಟೇ ಅಲ್ಲ. ಬಂದ ದಾರಿಯಲ್ಲಿ ಹಿಂದಕ್ಕೆ ನಡೆದು ನೋಡುವ ಶಕ್ತಿಯೂ ಹೌದು.

ಇದು ಬರಿಯ ನಷ್ಟದ ಪ್ರಶ್ನೆಯೂ ಅಲ್ಲ. ೧೯೭೪ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಗಡಿಯ ಬುಡಕಟ್ಟಿನ ಹಳ್ಳಿಗಳಲ್ಲಿ ಅಕಾಲದ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳವನ್ನುಂಡು ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಅಫ್ಲಾಟಾಕ್ಸಿನ್ ಎಂಬ ಆ ವಿಷವು ಬೂಷ್ಟಿನಿಂದ ಹುಟ್ಟುವುದು. ಬೇಯಿಸಿದರೂ ಪೂರ್ತಿ ಹೋಗದು. ಹಿಟ್ಟಾದ ಮೇಲೆ ಕಣ್ಣಿಗೂ ಕಾಣದು. ಮೆಕ್ಕೆಜೋಳವನ್ನು ರಸ್ತೆಯ ಅಂಚಿನಲ್ಲಿ ಹರವಿ ಮೋಡ ನೋಡುತ್ತ ಕುಳಿತುಕೊಳ್ಳುವ ಶಿಕಾರಿಪುರದ ನಮಗೆ ಈ ಕಥೆ ದೂರದ್ದೆನಿಸಬಾರದು. ತೇವವು ಶೇಕಡ ೧೪ಕ್ಕೆ ಇಳಿಯುವ ಮೊದಲೇ ಚೀಲ ತುಂಬಿದರೆ ಅಪಾಯವನ್ನೂ ಜೊತೆಗೆ ತುಂಬಿದಂತೆ.

ನಮ್ಮ ದೇಶದಲ್ಲಿ ಕಾಯಿದೆಗಳಿಗೇನೂ ಕೊರತೆಯಿಲ್ಲ. ೧೯೫೪ರಲ್ಲಿ ಆಹಾರ ಕಲಬೆರಕೆ ತಡೆ ಕಾಯಿದೆ ಬಂದಿತು. ಅದರ ಜಾಗಕ್ಕೆ ಬಂದ ೨೦೦೬ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯು ೨೦೧೧ರ ಆಗಸ್ಟಿನಿಂದ ಪೂರ್ಣವಾಗಿ ಜಾರಿಯಾಯಿತು. ದೋಷವಿರುವ ಮಾಲನ್ನು ಪೇಟೆಯಿಂದ ಹಿಂದಕ್ಕೆ ಪಡೆಯುವ ಕ್ರಮವನ್ನು ೨೦೧೭ರ ನಿಯಮಾವಳಿ ವಿಧಿಸಿತು. ಪರವಾನಗಿ, ನೋಂದಣಿಗಳು ೨೦೨೦ರಿಂದ ಫಾಸ್ಕಾಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯ ಮೂಲಕ ನಡೆಯುತ್ತಿವೆ. ಆದರೆ ಪರವಾನಗಿ ಇರುವುದು ಬೇರೆ, ದಿನದಿನದ ಲೆಕ್ಕ ಇರುವುದು ಬೇರೆ. ಗೋಡೆಗೆ ತೂಗುಹಾಕಿದ ಕಾಗದವು ಮೆಣಸಿನಕಾಯಿಯನ್ನು ಒಣಗಿಸಲಾರದು.

ಸಿದ್ಧವಾದ ಪದಾರ್ಥವನ್ನು ಕೊನೆಯಲ್ಲಿ ಪರೀಕ್ಷಿಸಿದರೆ ಸಾಲದೆಂಬುದನ್ನು ಅಮೆರಿಕದವರು ೧೯೫೯ರ ನಂತರ, ಗಗನಯಾತ್ರಿಗಳ ಬುತ್ತಿಯನ್ನು ಸಿದ್ಧಪಡಿಸುವಾಗ ಕಂಡುಕೊಂಡರು. ಪೂರ್ತಿ ಭರವಸೆ ಬರುವಷ್ಟು ಪರೀಕ್ಷೆ ಮಾಡಿದರೆ ಉಣ್ಣಲು ಬುತ್ತಿಯೇ ಉಳಿಯದು! ಆದುದರಿಂದ ಅಪಾಯ ಹುಟ್ಟುವ ಘಟ್ಟಗಳನ್ನು ಮೊದಲೇ ಗುರುತಿಸಿ, ಅಲ್ಲಲ್ಲಿಯೇ ಅಳೆದು, ಅಳೆದುದನ್ನು ಬರೆದಿಡುವ ಪದ್ಧತಿ ಹುಟ್ಟಿತು. ಇಂದು ಲೋಕದ ದೊಡ್ಡ ಕಾರ್ಖಾನೆಗಳೆಲ್ಲ ಅನುಸರಿಸುವುದು ಇದನ್ನೇ. ಬರೆಯುವ ಕೆಲಸವನ್ನು ಈಗ ಸಾಫ್ಟ್‌ವೇರ್ ವಹಿಸಿಕೊಂಡಿದೆ. ಚೀಲ ಬಂದಾಗ ಒಂದು ಸಂಖ್ಯೆ, ಒಣಗಿದಾಗ ತೇವದ ಅಳತೆ, ಬೀಸಿದಾಗ ತಾರೀಖು, ಪೊಟ್ಟಣವಾದಾಗ ಯಾವ ಅಂಗಡಿಗೆ ಹೋಯಿತೆಂಬ ವಿವರ. ಅಳತೆ ಬರೆಯದೆ ಮುಂದಿನ ಹೆಜ್ಜೆಗೆ ಅದು ಬಿಡದು. ದೂರು ಬಂದರೆ ಪೊಟ್ಟಣದಿಂದ ಚೀಲಕ್ಕೆ, ಚೀಲದಿಂದ ಅದರ ಉಳಿದ ಪೊಟ್ಟಣಗಳಿಗೆ ನಿಮಿಷದಲ್ಲಿ ದಾರಿ ತೋರುತ್ತದೆ.

ಇದು ನಮ್ಮಿಂದಾಗದ ಕೆಲಸವೇನಲ್ಲ. ೨೦೦೩ರಲ್ಲಿ ಯುರೋಪಿಗೆ ಹೋದ ನಮ್ಮ ದ್ರಾಕ್ಷಿಯಲ್ಲಿ ಕೀಟನಾಶಕದ ಶೇಷ ಕಂಡುಬಂದು ಮುಖಭಂಗವಾಯಿತು. ೨೦೦೬ರಲ್ಲಿ ಗ್ರೇಪ್‌ನೆಟ್ ಎಂಬ ವ್ಯವಸ್ಥೆ ಬಂದ ಮೇಲೆ ಪೆಟ್ಟಿಗೆಯಿಂದ ಹಿಡಿದು ತೋಟದವರೆಗೂ ದಾರಿ ಹುಡುಕಬಹುದಾಯಿತು. ಪರದೇಶದವರ ಹಣ್ಣಿಗೆ ಒದಗಿದ ಈ ಎಚ್ಚರವು ನಮ್ಮ ಮಕ್ಕಳ ಸಾರಿಗೆ ಏಕೆ ಒದಗಬಾರದು? ೨೦೧೪ರಲ್ಲಿ ಕರ್ನಾಟಕದ ಕೃಷಿ ಮಾರುಕಟ್ಟೆಗಳಿಗೆ ಕಂಪ್ಯೂಟರ್ ಹರಾಜು ಬಂದ ಮೇಲೆ ರೈತ ತಂದ ಮಾಲಿಗೆ ಲಾಟ್ ನಂಬರ್ ಬೀಳುತ್ತಿದೆ. ಆ ನಂಬರು ಬೆಲೆ ಗೊತ್ತಾದೊಡನೆ ಸಾಯದೆ, ಮಾಲಿನ ಜೊತೆಗೇ ಗಿರಣಿಗೂ ಪೊಟ್ಟಣಕ್ಕೂ ನಡೆದುಬರುವಂತಾದರೆ ಅರ್ಧ ಕೆಲಸ ಮುಗಿದಂತೆ.

ಆಕ್ಷೇಪಗಳು ಇಲ್ಲದಿಲ್ಲ. ಸುಳ್ಳು ಬರೆಯುವವನು ಪುಸ್ತಕದಲ್ಲಿಯೂ ಬರೆಯುತ್ತಾನೆ, ಯಂತ್ರದಲ್ಲಿಯೂ ಬರೆಯುತ್ತಾನೆ ಎಂದು ಹಿರಿಯರು ಹೇಳುವುದು ಸತ್ಯ. ಯಂತ್ರಕ್ಕೆ ಮೂಗಿಲ್ಲ, ಮುಗ್ಗಲು ವಾಸನೆಯನ್ನು ಹಿಡಿಯುವವರು ಮನುಷ್ಯರೇ. ಇದಕ್ಕಿಂತ ದೊಡ್ಡ ಭಯ ನನಗೆ ಇನ್ನೊಂದಿದೆ. ದೊಡ್ಡ ಕಾರ್ಖಾನೆಯವರು ಇಂಗ್ಲಿಷಿನ ಹತ್ತು ಪುಟಗಳನ್ನು ಸಣ್ಣವರ ಮುಂದಿಟ್ಟು, ತುಂಬಲಾರದವರನ್ನು ಹೊರಗಿಟ್ಟು, ತಪ್ಪಾದಾಗ ಬಡವರ ಚೀಲವನ್ನೇ ಬೆರಳು ಮಾಡಿ ತೋರಿಸಲು ಇದನ್ನು ಬಳಸಬಾರದು. ಆದುದರಿಂದ ಇಂಥ ಸಾಧನವು ಕನ್ನಡದಲ್ಲಿರಬೇಕು, ಸಾಮಾನ್ಯ ಫೋನಿನಲ್ಲಿ ನಡೆಯಬೇಕು, ಸಣ್ಣ ಘಟಕಗಳಿಗೆ ಸರ್ಕಾರವು ಅದನ್ನು ಪುಕ್ಕಟೆಯಾಗಿ ಕೊಡಬೇಕು. ಲೆಕ್ಕ ಬರೆದವರಿಗೆ ಅದೇ ರಕ್ಷೆಯೂ ಆಗಬೇಕು: ನನ್ನ ಕೈಯಲ್ಲಿದ್ದಾಗ ಮಾಲು ಚೆನ್ನಾಗಿತ್ತು ಎಂದು ತೋರಿಸುವ ಹಕ್ಕು ಚಿಕ್ಕಮ್ಮನಂಥವರಿಗೂ ಬೇಕಷ್ಟೆ.

ಲೆಕ್ಕವೆಂಬುದು ಈ ಸೀಮೆಗೆ ಹೊಸದಲ್ಲ. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕನು ಭೂಮಿಯ ಕಂದಾಯವನ್ನು ಕ್ರಮಗೊಳಿಸಿದ 'ಶಿಸ್ತು' ಇಂದಿಗೂ ನಮ್ಮ ಮಾತಿನಲ್ಲಿದೆ. ಅಂದು ಶಿಸ್ತು ಭೂಮಿಗೆ ಬಂದಿತು. ಇಂದು ಅದು ಅನ್ನಕ್ಕೆ ಬರಬೇಕಾಗಿದೆ.

ಮಿತ್ರರೆ, ಇದರಲ್ಲಿ ನಮ್ಮ ಪಾಲೂ ಉಂಟು. ಕಳೆದ ಬೇಸಗೆಯ ರಜೆಯಲ್ಲಿ ನಾನು ಚಿಕ್ಕಮ್ಮನ ಸಂಘಕ್ಕೆ ಒಂದು ನೋಟ್ ಪುಸ್ತಕ ಹಾಕಿಕೊಟ್ಟೆ. ಚೀಲಕ್ಕೆ ಸಂಖ್ಯೆ, ಪೊಟ್ಟಣಕ್ಕೆ ರಬ್ಬರ್ ಮೊಹರು. ರಾತ್ರಿ ಅದನ್ನೇ ಫೋನಿನ ಪಟ್ಟಿಗೆ ಏರಿಸುವುದನ್ನು ಇಬ್ಬರಿಗೆ ಕಲಿಸಿದೆ. ಈ ಮಳೆಗಾಲದಲ್ಲಿ ಮತ್ತೆ ಒಂದು ಪೊಟ್ಟಣ ಹಿಂದಿರುಗಿತು. ಚಿಕ್ಕಮ್ಮ ಮೊಹರು ನೋಡಿದರು, ಪುಸ್ತಕ ತೆಗೆದರು; ಒಂಬತ್ತನೆಯ ಚೀಲವೆಂದು ತಿಳಿಯಿತು. ಹೂಳಿದ್ದು ಆರು ಕಿಲೋ ಮಾತ್ರ. ಉಳಿದುದು ಅಂಗಡಿಗಳಲ್ಲಿಯೇ ಉಳಿಯಿತು. ನಮ್ಮಲ್ಲಿ ಪ್ರತಿಯೊಬ್ಬರೂ ತಮ್ಮ ಊರಿನ ಒಂದು ಗಿರಣಿಗೋ, ಒಂದು ಹಪ್ಪಳದ ಮನೆಗೋ ಇಷ್ಟು ಮಾಡಿಕೊಟ್ಟರೆ, ನಾವು ಓದಿದ ಓದು ಊರಿನ ಋಣವನ್ನು ಸ್ವಲ್ಪವಾದರೂ ತೀರಿಸಿದಂತಾದೀತು.